ಬಲ ಏರಿಸುವ ಮುನ್ನ ಅಳತೆ ಕಲಿಯಿರಿ

ಹುಡುಗರೇ, ಟರ್ಬೋ ಕಾರು ಮನೆಗೆ ಬಂದು ಮೊದಲ ಸರ್ವಿಸ್ ಮುಗಿಯುವಷ್ಟರಲ್ಲಿ ನಿಮ್ಮಲ್ಲಿ ಬಹಳ ಜನ ಬಂದು ಕೇಳುವ ಪ್ರಶ್ನೆ ಒಂದೇ: ‘ಇದರಿಂದ ಇನ್ನೆಷ್ಟು ಪವರ್ ತೆಗೆಯಬಹುದು ಸಾರ್?’ ತಪ್ಪು ಪ್ರಶ್ನೆಯೇನಲ್ಲ. ಯಂತ್ರದ ಮೇಲೆ ಪ್ರೀತಿ ಇಲ್ಲದವನಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಈಗಿರುವ ಪವರ್ ಪೂರ್ತಿಯಾಗಿ ಚಕ್ರ ಮುಟ್ಟುತ್ತಿದೆಯೇ? ಇನ್ನಷ್ಟು ಕೊಟ್ಟರೆ ಅದನ್ನು ಹೊರುವವರು ಯಾರು? ಈ ಎರಡಕ್ಕೂ ಉತ್ತರ ಸಿಗುವುದು ಅಳತೆಯಿಂದ. ಗ್ಯಾರೇಜಿನಲ್ಲೇ ತಲೆ ನರೆತ ನಾನು ನಿಮಗೆ ಹೇಳಬೇಕೆಂದಿರುವುದು ಇಷ್ಟೇ: ಅಳೆಯದೆ ಸ್ಪ್ಯಾನರ್ ಎತ್ತಬೇಡಿ.

ಟರ್ಬೋ ಹೊಸ ವಿದ್ಯೆಯಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನಿಂದ ಸುಮ್ಮನೆ ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವುದು ಅದರ ಕೆಲಸ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಸುಡಬಹುದು, ಹೆಚ್ಚು ಬಲ ಬರುತ್ತದೆ. ಚಿಕ್ಕ ಕಾರಿನ ಟರ್ಬೋ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿಗೆ ಹೋಗುತ್ತದೆ. ಅಷ್ಟು ವೇಗದಲ್ಲಿ ತಿರುಗುವ ಶಾಫ್ಟನ್ನು ಎತ್ತಿಹಿಡಿದಿರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಎಂಜಿನ್ ಆಯಿಲ್ ವಿಚಾರದಲ್ಲಿ ಚೌಕಾಸಿ ಮಾಡುವವನು ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಸಾಕು.

ನಮ್ಮ ಊರಿನ ಲೆಕ್ಕವನ್ನೂ ಸೇರಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್ ಇದ್ದರೆ ಇಲ್ಲಿ ಸುಮಾರು 0.91. ಎಂಜಿನ್ ಒಳಗೆ 1.6 ಬಾರ್ ಒತ್ತಡ ಬೇಕೆಂದರೆ ಮಂಗಳೂರಿನ ಟರ್ಬೋ ಗಾಳಿಯನ್ನು 1.58 ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನದು 1.76 ಪಟ್ಟು ಒತ್ತಬೇಕು. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ ಇನ್ನೂ ಹೆಚ್ಚು. ಕಾರು ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಕೊರತೆಯನ್ನು ಟರ್ಬೋ ತಾನೇ ಹೆಚ್ಚು ತಿರುಗಿ ತುಂಬಿಕೊಡುತ್ತದೆ. ಹಾಗಾಗಿ ಸಮುದ್ರತೀರದ ಊರಿನಲ್ಲಿ ಗೆಳೆಯನ ಕಾರಿಗೆ ಹಾಕಿದ ಬೂಸ್ಟನ್ನೇ (ಟರ್ಬೋ ಒತ್ತಿ ತುಂಬುವ ಗಾಳಿಯ ಒತ್ತಡವನ್ನೇ) ಇಲ್ಲಿ ನಿಮ್ಮ ಕಾರಿಗೆ ಹಾಕಿಸಿದರೆ ಟರ್ಬೋ ಇನ್ನಷ್ಟು ಜೋರಾಗಿ ತಿರುಗಬೇಕಾಗುತ್ತದೆ, ಒತ್ತಿದ ಗಾಳಿ ಇನ್ನಷ್ಟು ಬಿಸಿಯಾಗುತ್ತದೆ.

ಕಾರು ಮಾಡುವ ಕಂಪನಿಗಳು ಈ ಲೆಕ್ಕವನ್ನು ಹೇಗೆ ಹಾಕುತ್ತವೆ ನೋಡಿ. 2016ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಸುಪರ್ಬ್ 1.8 ಟಿಎಸ್‌ಐ ಕಾರಿನ ಬ್ರೋಷರ್ ಸಿಕ್ಕರೆ ಓದಿ. ಮ್ಯಾನುವಲ್ ಗೇರ್‌ಬಾಕ್ಸಿನ ಕಾರಿಗೂ ಆಟೊಮ್ಯಾಟಿಕ್ ಕಾರಿಗೂ 180 ಪಿಎಸ್ ಪವರ್. ಆದರೆ ಟಾರ್ಕ್ ಮ್ಯಾನುವಲ್‌ನಲ್ಲಿ 320 ನ್ಯೂಟನ್ ಮೀಟರ್, ಆಟೊಮ್ಯಾಟಿಕ್‌ನಲ್ಲಿ 250. ಕಾರಣ ಎಂಜಿನ್‌ನಲ್ಲಿಲ್ಲ. ಆಟೊಮ್ಯಾಟಿಕ್‌ನಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಹೊರಬಲ್ಲದ್ದು 250 ನ್ಯೂಟನ್ ಮೀಟರ್ ಮಾತ್ರ. ಕ್ಲಚ್‌ಗೆ ತಕ್ಕಂತೆ ಕಂಪನಿಯೇ ಎಂಜಿನ್‌ನ ಕೈ ಕಟ್ಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಟರ್ಬೋ ಕಾರಿನಲ್ಲಿ ಕ್ಲಚ್ಚೇ ಆ ಹಾಸಿಗೆ. ಹೀಗಿರುವಾಗ ಲ್ಯಾಪ್‌ಟಾಪ್ ತಂದು ಅರ್ಧ ಗಂಟೆಯಲ್ಲಿ ಟಾರ್ಕ್ ಏರಿಸಿಕೊಡುತ್ತೇನೆ ಎನ್ನುವವನನ್ನು ಕೇಳಿ: ಕ್ಲಚ್ ಲೆಕ್ಕ ಹಾಕಿದ್ದೀಯಾ? ಉತ್ತರ ಇಲ್ಲದಿದ್ದರೆ ನಮಸ್ಕಾರ ಹೇಳಿ ಕಳಿಸಿ.

ಇನ್ನೊಂದು ಉದಾಹರಣೆ, ನನಗೆ ಬಹಳ ಇಷ್ಟವಾದ ಎಂಜಿನ್‌ನದು. 2010ರಲ್ಲಿ ಬಂದ ಫಿಯೆಟ್ ಲಿನಿಯಾ ಟಿ-ಜೆಟ್. 1368 ಸಿಸಿ, 114 ಪಿಎಸ್, 207 ನ್ಯೂಟನ್ ಮೀಟರ್. ಅದೇ ಎಂಜಿನ್ 2015ರಲ್ಲಿ ಅಬಾರ್ತ್ ಪುಂಟೋದಲ್ಲಿ 145 ಬಿಎಚ್‌ಪಿ ಕೊಟ್ಟಿತು, ಆದರೆ ಟಾರ್ಕ್ 212 ಮಾತ್ರ. ಪವರ್ ಕಾಲುಭಾಗಕ್ಕೂ ಹೆಚ್ಚು ಏರಿತು, ಟಾರ್ಕ್ ಇದ್ದಲ್ಲೇ ಇತ್ತು ಎನ್ನಬೇಕು. ಟಾರ್ಕನ್ನು ಕೆಳಗಿನ ಆರ್‌ಪಿಎಂನಲ್ಲಿ ಗುಡ್ಡದಂತೆ ಎಬ್ಬಿಸುವ ಬದಲು ಮೇಲಿನ ಆರ್‌ಪಿಎಂವರೆಗೆ ಬೀಳದಂತೆ ಹಿಡಿದಿಟ್ಟರೆ ಪವರ್ ಹೀಗೆ ಏರುತ್ತದೆ, ಕ್ಲಚ್‌ಗೂ ಗೇರ್‌ಬಾಕ್ಸಿಗೂ ಹೊಸ ಭಾರ ಬೀಳುವುದಿಲ್ಲ. ಯುರೋಪಿನಲ್ಲಿ ಇದೇ ಎಂಜಿನ್‌ನಿಂದ 180 ಪಿಎಸ್ ತೆಗೆದ ಅಬಾರ್ತ್ ಕಾರುಗಳಿಗೆ ಕಂಪನಿ ದೊಡ್ಡ ಗ್ಯಾರೆಟ್ ಟರ್ಬೋ ಹಾಕಿತ್ತು, ಬರೀ ಸಾಫ್ಟ್‌ವೇರ್ ಬದಲಿಸಿ ಸುಮ್ಮನಾಗಲಿಲ್ಲ. ಮ್ಯಾಪ್ ಮಾಡಿಸುವಾಗ, ಅಂದರೆ ಎಂಜಿನ್‌ನ ಸಾಫ್ಟ್‌ವೇರ್ ಬದಲಿಸುವಾಗ, ಬರೀ ಕೊನೆಯ ಅಂಕಿ ನೋಡಬೇಡಿ, ಟಾರ್ಕ್ ಗೆರೆ ಎಲ್ಲಿ ಏಳುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬಲ ಅಳೆಯುವ ಡೈನೋ ಯಂತ್ರದ ಹಾಳೆಯಲ್ಲಿ ತೋರಿಸೆಂದು ಕೇಳಿ.

ಈಗ ಕೆಲಸಕ್ಕೆ ಬರೋಣ. ಮಾರ್ಪಾಡಿನ ಮೊದಲ ಹೆಜ್ಜೆ ಯಾವ ಹೊಸ ಭಾಗವೂ ಅಲ್ಲ, ಇರುವ ಎಂಜಿನ್‌ನ ಆರೋಗ್ಯ ತಪಾಸಣೆ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಮಾರ್ಪಾಡಿನ ಮಾತು ಅಲ್ಲಿಗೇ ನಿಲ್ಲಲಿ, ಮೊದಲು ರಿಪೇರಿ. ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ಬಿಳಿ ಬೆಳಕಿನಲ್ಲಿ ನೋಡಿ. ತಿಳಿಗಂದು ಬಣ್ಣವಿದ್ದರೆ ಸರಿ. ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಅಥವಾ ಹೊಳೆಯುವ ಅಲ್ಯುಮಿನಿಯಂ ಕಣ ಕಂಡರೆ ಆ ಸಿಲಿಂಡರಿನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ನಡೆದಿದೆ, ಪಿಸ್ಟನ್ ಸವೆಯತೊಡಗಿದೆ ಎಂದೇ ಅರ್ಥ.

ಬೂಸ್ಟ್ ಏರಿದಾಗ ಸಿಲಿಂಡರಿನ ಒತ್ತಡವೂ ಏರಿ ಕಿಡಿ ಹಾರುವುದು ಕಷ್ಟವಾಗುತ್ತದೆ. ಆಗ ಎಂಜಿನ್ ಕೆಮ್ಮಿದಂತೆ ಎಳೆಯುತ್ತದೆ. ಕಾಯಿಲ್ ಬದಲಿಸಲು ಓಡುವ ಮೊದಲು ಪ್ಲಗ್‌ನ ಗ್ಯಾಪ್ ಅಳೆಯಿರಿ. ಬಲ ಏರಿಸಿದ ಬಹಳಷ್ಟು ಟರ್ಬೋ ಪೆಟ್ರೋಲ್ ಎಂಜಿನ್‌ಗಳಿಗೆ 0.6ರಿಂದ 0.7 ಮಿಲಿಮೀಟರ್ ಒಗ್ಗುತ್ತದೆ. ಪುಡಿಗಾಸಿನ ಫೀಲರ್ ಗೇಜ್ ಎಷ್ಟೋ ಕಾಯಿಲ್‌ಗಳ ದುಡ್ಡು ಉಳಿಸುತ್ತದೆ.

ತೊಂದರೆ ಹುಡುಕುವ ಕ್ರಮಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹುಡುಗ ತನ್ನ ಟಿ-ಜೆಟ್ ತಂದ. 2500 ಆರ್‌ಪಿಎಂ ದಾಟಿದ ಮೇಲೆ ಪಿಕಪ್ ಇಲ್ಲ, ಸ್ಕ್ಯಾನರಿನಲ್ಲಿ ಬೂಸ್ಟ್ ಕಡಿಮೆ ಎಂಬ ಪಿ0299 ಕೋಡ್. ಬೇರೆ ಕಡೆ ಟರ್ಬೋ ಹೋಗಿದೆ, ಹೊಸದು ಹಾಕಿಸು ಎಂದಿದ್ದರಂತೆ. ನಾವು ಟರ್ಬೋ ಮುಟ್ಟಲಿಲ್ಲ. ಏರ್ ಫಿಲ್ಟರಿನ ಪೈಪ್ ಬಿಚ್ಚಿ, ಟರ್ಬೋ ಬಾಯಿಗೆ ಬಿರಡೆ ಬಿಗಿದು, ಕಂಪ್ರೆಸರಿನಿಂದ ರೆಗ್ಯುಲೇಟರ್ ಮೂಲಕ ಒಂದು ಬಾರ್‌ವರೆಗೆ ನಿಧಾನವಾಗಿ ಗಾಳಿ ಬಿಟ್ಟೆವು. ಅರ್ಧ ಬಾರ್‌ವರೆಗೆ ಎಲ್ಲವೂ ಮೌನ. ಅದನ್ನು ದಾಟುತ್ತಿದ್ದಂತೆ ಬಂಪರಿನ ಕೆಳಗಿಂದ ಸಣ್ಣಗೆ ‘ಸುಸ್’ ಎಂಬ ಸದ್ದು. ಸೋಪಿನ ನೀರು ಚಿಮುಕಿಸಿದಾಗ ಇಂಟರ್‌ಕೂಲರಿನಿಂದ ಹೊರಡುವ ರಬ್ಬರ್ ಹೋಸಿನ ತಳಭಾಗದಲ್ಲಿ, ಕ್ಲ್ಯಾಂಪಿಗೆ ಅಂಟಿಕೊಂಡಂತೆ, ನೊರೆ ಉಕ್ಕಿತು. ಬೆರಳಿನಿಂದ ಬಗ್ಗಿಸಿದರೆ ಮಾತ್ರ ಕಾಣುವ ಸೀಳು. ಎಂಜಿನ್ ನಿಧಾನ ಓಡುವಾಗ ಮುಚ್ಚಿಕೊಳ್ಳುತ್ತದೆ, ಬೂಸ್ಟ್ ಬಂದಾಗ ಬಾಯಿ ಬಿಡುತ್ತದೆ. ಹೋಸ್ ಬದಲಿಸಿದೆವು, ಕಾರು ಎದ್ದಿತು. ಆ ಸೀಳು ಹಾಗೇ ಇದ್ದಿದ್ದರೆ ಹೊಸ ಟರ್ಬೋ ಕೂಡ ಸೋರಿದ ಗಾಳಿ ತುಂಬಲು ಮಿತಿಮೀರಿ ತಿರುಗಿ ಬೇಗ ಹಾಳಾಗುತ್ತಿತ್ತು.

ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ. ಬೂಸ್ಟ್ ಕಡಿಮೆಯಾದರೆ ಮೊದಲು ಹೋಸ್ ಮತ್ತು ಕ್ಲ್ಯಾಂಪ್, ಆಮೇಲೆ ಸಣ್ಣ ವ್ಯಾಕ್ಯೂಮ್ ಪೈಪುಗಳು, ಆಮೇಲೆ ಡೈವರ್ಟರ್ ವಾಲ್ವಿನ ಒಳಪೊರೆ, ವೇಸ್ಟ್‌ಗೇಟ್ ಪೂರ್ತಿ ಮುಚ್ಚುತ್ತಿದೆಯೇ ಎಂಬುದು, ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂಬುದು. ಟರ್ಬೋ ಸರದಿ ಕೊನೆಗೆ. ಹೊಗೆಯ ಬಣ್ಣವನ್ನೂ ಓದಲು ಕಲಿಯಿರಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಧನ ಹೆಚ್ಚು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ, ಕಾರನ್ನು ಅಲ್ಲೇ ನಿಲ್ಲಿಸಿ.

ಟರ್ಬೋ ನಿಜವಾಗಿಯೂ ಹೋಗಿದ್ದರೆ ಯಾಕೆ ಹೋಯಿತು ಎಂದು ತಿಳಿಯದೆ ಹೊಸದನ್ನು ಕೂರಿಸಬೇಡಿ. ಶಾಫ್ಟನ್ನು ಅಕ್ಕಪಕ್ಕ ಅಲ್ಲಾಡಿಸಿದಾಗ ತುಸು ಆಟ ಇರುವುದು ಸಹಜ, ಆಯಿಲ್ ತುಂಬಿದಾಗ ಅದು ಹೋಗುತ್ತದೆ. ಹಿಂದೆ ಮುಂದೆ ಎಳೆದಾಗ ಕೈಗೆ ಆಟ ಸಿಕ್ಕರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ ಟರ್ಬೋ ಮುಗಿದಂತೆ. ಬಹಳ ಸಲ ಮೂಲ ಕಾರಣ ಆಯಿಲ್ ಬರುವ ಸಣ್ಣ ಪೈಪಿನಲ್ಲಿ ಕಟ್ಟಿದ ಇದ್ದಲು, ಇಲ್ಲವೇ ಆಯಿಲ್ ಇಳಿದುಹೋಗುವ ಪೈಪಿನ ಅಡಚಣೆ. ಆ ಎರಡು ಪೈಪುಗಳನ್ನು ಬದಲಿಸದೆ ಹಾಕಿದ ಟರ್ಬೋ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹೊಸದನ್ನು ಕೂರಿಸಿದ ಮೇಲೆ ಒಳಗೆ ಆಯಿಲ್ ಹಾಕಿ, ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದವರು ಒಂದು ನಿಮಿಷ ಎಂಜಿನ್ ನಿಧಾನ ಓಡಲು ಬಿಟ್ಟು ಆಫ್ ಮಾಡಿ. ಕೆಂಪಗೆ ಕಾದ ಟರ್ಬೋದೊಳಗೆ ನಿಂತ ಆಯಿಲ್ಲೇ ಇದ್ದಲಾಗುವುದು.

ಇಂಧನ ಮತ್ತು ನಾಕಿಂಗ್ ವಿಚಾರದಲ್ಲಿ ಇತಿಹಾಸದ ಒಂದು ಪಾಠವಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೋ ಕಾರು ತಂದಿತು. ಸಾರ್ವಜನಿಕರಿಗೆ ಮಾರಿದ ಮೊತ್ತಮೊದಲ ಟರ್ಬೋ ಕಾರುಗಳಲ್ಲಿ ಅದೊಂದು. ಎಂಜಿನ್‌ನ ಕಂಪ್ರೆಷನ್ ಅನುಪಾತ 10.25ಕ್ಕೆ 1, ಅದರ ಮೇಲೆ ಬೂಸ್ಟ್. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಬೇರೆ ಟ್ಯಾಂಕಿನಿಂದ ಎಂಜಿನ್‌ಗೆ ಚಿಮುಕಿಸುವ ಏರ್ಪಾಡು ಮಾಡಿದ್ದರು. ಮಾಲೀಕರು ಆ ದ್ರವ ತುಂಬುವುದನ್ನು ಮರೆತರು, ದೂರುಗಳು ಬಂದವು, ಕೊನೆಗೆ ಕಂಪನಿಯೇ ಬಹಳ ಕಾರುಗಳ ಟರ್ಬೋ ತೆಗೆದು ಸಾದಾ ಕಾರ್ಬ್ಯುರೇಟರ್ ಹಾಕಿಕೊಟ್ಟಿತು. ದಿನವೂ ಬಳಸುವವನ ಅಭ್ಯಾಸಕ್ಕೆ ಹೊಂದದ ಮಾರ್ಪಾಡು ಎಷ್ಟೇ ಜಾಣತನದ್ದಾದರೂ ಉಳಿಯುವುದಿಲ್ಲ. 100 ಆಕ್ಟೇನ್ ಪೆಟ್ರೋಲಿಗೆ ಮ್ಯಾಪ್ ಮಾಡಿಸಿ, ಹಾಸನದ ಆಚೆ ಸಿಕ್ಕಿದ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿ, ಶಿರಾಡಿ ಘಾಟಿಯಲ್ಲಿ ಫುಲ್ ಆಕ್ಸಿಲರೇಟರ್ ಒತ್ತುವವನೂ ಜೆಟ್‌ಫೈರ್ ಮಾಲೀಕನ ಸಾಲಿನವನೇ. ನಿಮ್ಮ ದಾರಿಯಲ್ಲಿ ಯಾವಾಗಲೂ ಸಿಗುವ ಇಂಧನಕ್ಕೆ ಮ್ಯಾಪ್ ಮಾಡಿಸಿ.

ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ 9 ಪಾಲು ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹಳೆಯ ಮ್ಯಾಪ್ ಇರುವ ಕಾರಿನಲ್ಲಿ ಇಂಜೆಕ್ಟರ್ ಆಗಲೇ ಶೇ 85ರಷ್ಟು ಹೊತ್ತು ತೆರೆದಿದ್ದರೆ ಇನ್ನು ಕೊಡಲು ಅದರ ಬಳಿ ಉಳಿದಿರುವುದು ಬಹಳ ಕಡಿಮೆ. ಫುಲ್ ಬೂಸ್ಟ್‌ನಲ್ಲಿ ಇಂಧನ ಕೊರತೆಯಾದರೆ ಪಿಸ್ಟನ್ ಕರಗುತ್ತದೆ. ಸ್ಕ್ಯಾನರ್ ಹಾಕಿ ಇಂಧನ ಮಿಶ್ರಣ, ಒಳಬರುವ ಗಾಳಿಯ ಉಷ್ಣತೆ, ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಎಷ್ಟು ಡಿಗ್ರಿ ಟೈಮಿಂಗ್ ಹಿಂದೆಳೆಯುತ್ತಿದೆ ಎಂಬುದನ್ನು ದಾಖಲಿಸಿಕೊಳ್ಳಿ. ಮ್ಯಾಪ್ ಮೊದಲಿನ ದಾಖಲೆ ಇದ್ದರೆ ಮಾತ್ರ ನಂತರದ್ದಕ್ಕೆ ಬೆಲೆ.

ಇನ್ನು ಕ್ಲಚ್. ಇದರ ಲೆಕ್ಕ ಹೈಸ್ಕೂಲಿನ ಗಣಿತ ಬಂದವನಿಗೂ ಬರುತ್ತದೆ. ಪ್ಲೇಟಿನ ಎರಡು ಮುಖ, ಘರ್ಷಣೆಯ ಗುಣಾಂಕ, ಪ್ರೆಶರ್ ಪ್ಲೇಟ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ, ಇಷ್ಟನ್ನು ಗುಣಿಸಿದರೆ ಕ್ಲಚ್ ಹೊರಬಲ್ಲ ಟಾರ್ಕ್. ಉದಾಹರಣೆಗೆ ಗುಣಾಂಕ 0.3, ಒತ್ತುವ ಬಲ 5,500 ನ್ಯೂಟನ್, ತ್ರಿಜ್ಯ 9 ಸೆಂಟಿಮೀಟರ್ ಎಂದುಕೊಳ್ಳಿ. ಉತ್ತರ 297 ನ್ಯೂಟನ್ ಮೀಟರ್. 207ರ ಎಂಜಿನ್‌ಗೆ ಇದು ಧಾರಾಳ. ಈಗ ಮ್ಯಾಪ್ ಹಾಕಿ ಟಾರ್ಕ್ 270ಕ್ಕೆ ಏರಿಸಿದಿರಿ. ಲೆಕ್ಕದಲ್ಲಿ ಇನ್ನೂ ಮಿಗುತ್ತದೆ, ಡೈನೋ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾಫ್ ಕ್ಲಚ್‌ನಲ್ಲಿ ಪ್ಲೇಟ್ ಬಿಸಿಯಾಗಿ ಗುಣಾಂಕ 0.25ಕ್ಕೆ ಇಳಿದರೆ ಹೊರುವ ಶಕ್ತಿ 247ಕ್ಕೆ ಕುಸಿಯುತ್ತದೆ. ಎಂಜಿನ್ 270 ಕೊಡುತ್ತಿದೆ, ಕ್ಲಚ್ 247 ಹಿಡಿಯುತ್ತಿದೆ. ಜಾರುವಿಕೆ 300 ಆರ್‌ಪಿಎಂ ಇದ್ದರೂ 7 ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖ ಆ ಪ್ಲೇಟಿನಲ್ಲೇ ಹುಟ್ಟುತ್ತದೆ. ಶಾಖದಿಂದ ಹಿಡಿತ ಇನ್ನೂ ಕಡಿಮೆ, ಅದರಿಂದ ಇನ್ನೂ ಶಾಖ. ಬೆಳಿಗ್ಗೆ ಸರಿಯಿದ್ದ ಕಾರು ಸಂಜೆ ಘಾಟಿಯಲ್ಲಿ ಜಾರುವುದು ಇದೇ ಕಾರಣಕ್ಕೆ.

ಕ್ಲಚ್ ಜಾರುವುದನ್ನು ಹಿಡಿಯುವ ಬಗೆ ಹೀಗೆ. ಹ್ಯಾಂಡ್‌ಬ್ರೇಕ್ ಎಳೆದು ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುತ್ತದೆಯೇ ಎಂದು ನೋಡುವುದು ಹಳೆಯ ಪದ್ಧತಿ. ಪೂರ್ತಿ ಸತ್ತ ಪ್ಲೇಟನ್ನು ಮಾತ್ರ ಅದು ತೋರಿಸುತ್ತದೆ. ಖಾಲಿ ನೇರ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ, ಸುಮಾರು 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿ. ಟರ್ಬೋ ಎಂಜಿನ್‌ನ ಗರಿಷ್ಠ ಟಾರ್ಕ್ ಬರುವುದು ಆ ಭಾಗದಲ್ಲೇ. ಒಂದು ಗೇರಿನಲ್ಲಿ ಆರ್‌ಪಿಎಂ ಮತ್ತು ವೇಗದ ಅನುಪಾತ ಬದಲಾಗಲೇಬಾರದು. 2,000ಕ್ಕೆ 50 ಕಿಲೋಮೀಟರ್ ಇದ್ದರೆ 3,000ಕ್ಕೆ 75 ಇರಬೇಕು. ಸ್ಕ್ಯಾನರಿನಲ್ಲಿ ಎರಡನ್ನೂ ದಾಖಲಿಸಿ ಭಾಗಿಸಿ ನೋಡಿ. ಸಂಖ್ಯೆ ನಡುವೆ ಏರಿದರೆ ಕ್ಲಚ್ ಜಾರಿದೆ. ವಾಸನೆ ಬರುವವರೆಗೆ ಕಾಯಬೇಕಿಲ್ಲ.

ಗೇರ್‌ಬಾಕ್ಸ್ ಇಳಿಸಿದಾಗ ಅವಸರಪಡದೆ ನೋಡಿ. ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಅಲ್ಲಿ ಉಕ್ಕು ಸುಟ್ಟಿದೆ, ಹೊಸ ಪ್ಲೇಟ್ ಹಾಕಿದರೂ ಕಾರು ಹೊರಡುವಾಗ ನಡುಗುತ್ತದೆ. ಪ್ಲೇಟಿನ ನಡುವೆ ಜಿಡ್ಡು ಕಂಡರೆ ಕ್ರ್ಯಾಂಕಿನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸಿನ ಶಾಫ್ಟ್ ಸೀಲ್ ಸೋರುತ್ತಿದೆ, ಅದನ್ನು ಸರಿಮಾಡದೆ ಮುಚ್ಚಬೇಡಿ. ರಿವರ್ಸ್ ಹಾಕುವಾಗ ಗರ್ ಎಂದರೆ ಪ್ಲೇಟ್ ಸವೆದಿದೆ ಎಂದು ತೀರ್ಮಾನಿಸಬೇಡಿ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ ಪೈಪಿನಲ್ಲಿ ಗಾಳಿಯೋ ಸಿಲಿಂಡರಿನಲ್ಲಿ ಸೋರಿಕೆಯೋ ಹುಡುಕಿ. ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಕಾರು ಆಫ್ ಮಾಡುವಾಗ ಗಡಗಡ ಎಂದರೆ ಅದರ ಒಳಗಿನ ಸ್ಪ್ರಿಂಗ್ ಸೋತಿದೆ.

ಜೋಡಿಸುವಾಗಲೂ ಅಷ್ಟೇ ಶ್ರದ್ಧೆ ಇರಲಿ. ಫ್ಲೈವೀಲ್ ಬೋಲ್ಟ್ ಹೊಸದೇ ಹಾಕಿ, ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಬಿಗಿಯಿರಿ. ಪ್ಲೇಟಿನ ಯಾವ ಮುಖ ಫ್ಲೈವೀಲಿಗೆ ಎಂದು ಅದರ ಮೇಲೇ ಬರೆದಿರುತ್ತದೆ, ಓದಿ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಬಿಲ್ ಕೇಳಿ, ಹಳೆಯ ಭಾಗದ ಪಕ್ಕ ಹೊಸದನ್ನಿಟ್ಟು ಸ್ಪ್ಲೈನ್ ಎಣಿಸಿ, ವ್ಯಾಸ ಅಳೆದು ಕೊಳ್ಳಿ. ಹಾಕಿದ ಮೇಲೆ ಮೊದಲ 500ರಿಂದ 800 ಕಿಲೋಮೀಟರ್ ಊರೊಳಗೆ ಮೆತ್ತಗೆ ಓಡಿಸಿ ಪ್ಲೇಟ್ ಕೂರಲು ಬಿಡಿ.

ಯಾವ ಕ್ಲಚ್ ಹಾಕಿಸಬೇಕೆಂಬುದು ನಿಮ್ಮ ದಾರಿಯ ಮೇಲೆ ನಿಂತಿದೆ. ದಿನವೂ ಆಫೀಸಿಗೆ ಹೋಗುವ ಕಾರಿಗೆ ಗಟ್ಟಿ ಪ್ರೆಶರ್ ಪ್ಲೇಟಿನ ಜೊತೆ ಸಾದಾ ಆರ್ಗ್ಯಾನಿಕ್ ಪ್ಲೇಟ್ ಸಾಕು. ಸೆರಾಮಿಕ್ ತುಂಡುಗಳ ಪ್ಲೇಟ್ ಟ್ರ್ಯಾಕಿಗೆ ಸರಿ. ಅದು ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ, ಟ್ರಾಫಿಕ್‌ನಲ್ಲಿ ಮೊಣಕಾಲಿಗೂ ಗೇರ್‌ಬಾಕ್ಸಿಗೂ ಶಿಕ್ಷೆ. ಪೆಡಲ್ ಅತಿಯಾಗಿ ಬಿಗಿಯಾದರೆ ಒತ್ತಿದಾಗೆಲ್ಲ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕಾಲು ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಹಾಗೆಯೇ ಮೇಲಿನ ಗೇರಿನಲ್ಲಿ 1,500 ಆರ್‌ಪಿಎಂಗೆ ಇಳಿದು ಫುಲ್ ಆಕ್ಸಿಲರೇಟರ್ ಒತ್ತುವುದನ್ನು ಬಿಡಿ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಚಿಕ್ಕ ಟರ್ಬೋ ಎಂಜಿನ್‌ಗಳಲ್ಲಿ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವುದು ಇಂಥ ಹೊತ್ತಿನಲ್ಲೇ. ಒಂದು ಗೇರ್ ಇಳಿಸಿದರೆ ಎಂಜಿನ್ನೂ ಉಳಿಯುತ್ತದೆ, ಕ್ಲಚ್ಚೂ ಉಳಿಯುತ್ತದೆ. ಹೀಗೆ ಮೊದಲೇ ಹೊತ್ತಿಕೊಳ್ಳುವುದನ್ನು ತಡೆಯಲು ಆಯಿಲ್ ಕೂಡ ಮುಖ್ಯ: ಕಂಪನಿ ಹೇಳಿದ ದರ್ಜೆಯದೇ ಆಯಿಲ್ ಹಾಕಿ, ಆಯ್ಕೆ ಇದ್ದಲ್ಲಿ ಎಪಿಐ ಎಸ್‌ಪಿ ಗುರುತಿನದನ್ನು ಆರಿಸಿ.

ಬ್ರೇಕ್ ಮರೆಯಬೇಡಿ. 100 ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಬೇಕಾದ ಶಕ್ತಿಗಿಂತ 140ರಲ್ಲಿ ನಿಲ್ಲಿಸಬೇಕಾದದ್ದು ಸುಮಾರು ಎರಡು ಪಟ್ಟು. ಕಾನೂನನ್ನೂ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕುವುದು ಬಲ ಹೆಚ್ಚಿಸುವ ವಿದ್ಯೆಯಲ್ಲ, ಬೀದಿಯ ಮಕ್ಕಳ ಉಸಿರಿಗೆ ಮಾಡುವ ಅನ್ಯಾಯ. ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆ ಮಾರ್ಪಾಡಿನದೇ ಆಗಬಹುದು. ವೇಗ ಬೇಕಿದ್ದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ. ನೈಸ್ ರಸ್ತೆಯೂ ನಂದಿಬೆಟ್ಟದ ತಿರುವುಗಳೂ ಅದಕ್ಕಲ್ಲ.

ಆದ್ದರಿಂದ ಹುಡುಗರೇ, ರೀಮ್ಯಾಪ್‌ಗೆ ಮುಂಗಡ ಕೊಡುವ ಮೊದಲು ಒಂದು ಪುಸ್ತಕ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ನಾಲ್ಕು ಸಿಲಿಂಡರಿನ ಕಂಪ್ರೆಷನ್, ಎರಡನೆಯದರಲ್ಲಿ ಬೂಸ್ಟ್ ಸೋರಿಕೆಯ ಫಲಿತಾಂಶ, ಮೂರನೆಯದರಲ್ಲಿ ನಾಲ್ಕನೇ ಗೇರಿನ ಆರ್‌ಪಿಎಂ–ವೇಗದ ಲೆಕ್ಕ, ನಾಲ್ಕನೆಯದರಲ್ಲಿ ಬ್ರೇಕ್ ಪ್ಯಾಡಿನ ದಪ್ಪ ಮತ್ತು ಫ್ಲೂಯಿಡ್ ಬದಲಿಸಿದ ತಾರೀಕು ಬರೆಯಿರಿ. ಈ ನಾಲ್ಕು ಪುಟ ತುಂಬಿದ ಮೇಲೆ ಬನ್ನಿ, ಎಷ್ಟು ಪವರ್ ತೆಗೆಯಬಹುದೆಂದು ಕೂತು ಮಾತಾಡೋಣ.